ಮನೆಗೊಂದು ಮಾತಿನ ಡಬ್ಬಿ

ಹೇಳಿದ ಮಾತು ಕೇಳುವ ಯಂತ್ರವೊಂದು ನಮ್ಮ ಮನೆಗೆ ಬೇಕೆಂದು ತೀರ್ಮಾನವಾದದ್ದು ಹೇಳಿದ ಮಾತು ಕೇಳದ ನನ್ನಿಂದಾಗಿ. ರಾತ್ರಿ ಹನ್ನೊಂದಕ್ಕೆ, ರಜಾಯಿಯೊಳಗೆ ಕಾಲು ಬೆಚ್ಚಗಾಗುವ ಹೊತ್ತಿಗೆ ಸರಿಯಾಗಿ, “ರೀ, ಬೇಸ್‌ಮೆಂಟ್ ಲೈಟ್ ಆಫ್ ಮಾಡಿದ್ರಾ?” ಎಂದು ಪಕ್ಕದಿಂದ ಪ್ರಶ್ನೆ ಬರುತ್ತದೆ. ನಾನು ಗೊರಕೆ ಹೊಡೆದಂತೆ ನಟಿಸುತ್ತೇನೆ. ಮದುವೆಯಾಗಿ ಇಪ್ಪತ್ತು ವರ್ಷವಾದ ಮೇಲೆ ನಿಜವಾದ ಗೊರಕೆ ಯಾವುದು, ನಾಟಕದ್ದು ಯಾವುದು ಎಂದು ಅವಳಿಗೆ ಗೊತ್ತಾಗದೆ ಇರುತ್ತದೆಯೆ? ಮಿಶಿಗನ್ನಿನ ಮನೆಗಳೋ, ನೆಲದ ಕೆಳಗೊಂದು, ಮೇಲೆ ಎರಡು ಅಂತಸ್ತು. ಇಳಿದು ಹತ್ತುವಷ್ಟರಲ್ಲಿ ಚಾಮುಂಡಿ ಬೆಟ್ಟದ ಅರ್ಧ ಪುಣ್ಯ ಬಂದಿರುತ್ತದೆ.

ನಮ್ಮೂರಿನ ಹೆಸರು ನೋವೈ. ಇಂಗ್ಲಿಷಿನ ಸ್ಪೆಲಿಂಗು ನೋಡಿ ಅಮ್ಮ ಅದನ್ನು ‘ನೋವಿ’ ಎಂದೇ ಓದುತ್ತಾಳೆ. ಜನವರಿಯಲ್ಲಿ ಕಾರಿನ ಗಾಜಿಗೆ ಅಂಟಿದ ಮಂಜುಗಡ್ಡೆ ಕೆರೆಯುವಾಗ ನನಗೂ ಅದೇ ಸರಿಯಾದ ಉಚ್ಚಾರ ಅನ್ನಿಸುತ್ತದೆ. ಆ ವರ್ಷ ಅಮ್ಮ ಆರು ತಿಂಗಳಿಗೆಂದು ಮೈಸೂರಿನಿಂದ ಬಂದಿದ್ದಳು. ಹಾಗಾಗಿ ಯಂತ್ರದ ಆಯ್ಕೆಯಲ್ಲಿ ಅವಳ ಮಾತೂ ಸೇರಿತು.

ಅಂಗಡಿಯಲ್ಲಿ ಮೂರು ಮನೆತನಗಳು. ಅಮೆಜಾನಿನದು 2014ರ ನವೆಂಬರಿನಲ್ಲೇ ಬಂದ ಹಿರಿಯಕ್ಕ. ಗೂಗಲ್‌ನದು 2016ರಲ್ಲಿ, ಆ್ಯಪಲ್‌ನದು 2018ರಲ್ಲಿ ಬಂದವು. ಕ್ಯಾಲಿಫೋರ್ನಿಯಾದಲ್ಲಿರುವ ನನ್ನ ಭಾವಮೈದನಿಗೆ ಫೋನು ಮಾಡಿದರೆ, “ಅದೆಲ್ಲ ಬಿಡಿ ಭಾವ, ಮ್ಯಾಟರ್ ಇದೆಯಾ ನೋಡಿ” ಅಂದ. ಏನು ಮ್ಯಾಟರ್ ಎಂದೆ. “ಅದೇ, ಮ್ಯಾಟರ್” ಅಂದ. ಹತ್ತು ನಿಮಿಷ ಹೀಗೇ ನಡೆದ ಮೇಲೆ ತಿಳಿದದ್ದು: ಒಂದು ಕಂಪನಿಯ ಬಲ್ಬು ಇನ್ನೊಂದು ಕಂಪನಿಯ ಸ್ಪೀಕರಿನ ಮಾತು ಕೇಳಲೆಂದು ಇವರೆಲ್ಲ ಕೂಡಿ 2022ರಲ್ಲಿ ಮಾಡಿಕೊಂಡ ಒಪ್ಪಂದದ ಹೆಸರೇ ಮ್ಯಾಟರ್. ಬೀಗರು ಬೀಗರು ರಾಜಿಯಾಗಲು ಎಂಟು ವರ್ಷ ಹಿಡಿದಿತ್ತು.

ಆ್ಯಪಲ್‌ನದು ಮೊದಲ ಸುತ್ತಿನಲ್ಲೇ ಬಿದ್ದುಹೋಯಿತು. ಕಾರಣ, ನಮ್ಮ ಮಗಳ ಹೆಸರು ಸಿರಿ. ನಾವು ತೊಟ್ಟಿಲಲ್ಲಿ ಹಾಕಿ ಕಿವಿಯಲ್ಲಿ ಮೂರು ಸಲ ಉಸುರಿದ್ದು 2010ರಲ್ಲಿ. ಆ ಕಂಪನಿ ಫೋನಿನೊಳಗಿನ ದನಿಗೆ ಅದೇ ಹೆಸರಿಟ್ಟು ಮಾರಾಟಕ್ಕೆ ತಂದದ್ದು 2011ರ ಅಕ್ಟೋಬರಿನಲ್ಲಿ. ಅದು ನಾರ್ವೆಯ ಕಡೆ ಹೆಣ್ಣುಮಕ್ಕಳಿಗೆ ಇಡುವ ಹೆಸರಂತೆ. ಇರಲಿ, ಅವರಿಗೂ ಒಳ್ಳೆಯದಾಗಲಿ. ಆದರೆ “ಸಿರೀ, ಹಾಲು ಕುಡಿದ್ಯಾ? ಸಿರೀ, ಆ ಫೋನು ಕೆಳಗಿಡು” ಎಂದು ದಿನಕ್ಕೆ ನಲವತ್ತು ಸಲ ಕೂಗುವ ಮನೆಗೆ ಅದನ್ನು ತರುವುದು ಹೇಗೆ? ಮೊದಲಾದರೂ ಹೆಸರಿನ ಹಿಂದೆ ಒಂದು ‘ಹೇ’ ಬೇಕಿತ್ತು. 2023ರಿಂದ ಅದೂ ಬೇಕಿಲ್ಲವಂತೆ. ಕೂಗಿದರೆ ಮಗಳು ಹೇಗೂ ಬರುವುದಿಲ್ಲ. ಯಂತ್ರ ಬಂದುಬಿಟ್ಟರೆ ಅವಳಿಗೆ ಇನ್ನೂ ಅನುಕೂಲ.

ಗೂಗಲ್‌ನದಕ್ಕೆ “ಹೇ ಗೂಗಲ್” ಎನ್ನಬೇಕು. ಅಮ್ಮ “ಏ ಗುಗ್ಗೂ” ಅಂದಳು. ನಾನು ಎದ್ದು ನಿಂತೆ. ಐವತ್ತು ವರ್ಷದ ಅಭ್ಯಾಸ. ಅಮೆಜಾನಿನದನ್ನು ಅಲೆಕ್ಸಾ ಎಂದು ಕರೆಯಿರಿ ಎಂದರೆ “ಅಲಸಂದೆ” ಎಂದು ಕರೆದು, “ನೆನೆಹಾಕಿದ್ದೀಯೇನೇ?” ಎಂದು ಸೊಸೆಯನ್ನು ಕೇಳಿದಳು. ಅದನ್ನೇ ‘ಕಂಪ್ಯೂಟರ್’ ಎಂದೂ ಕರೆಯಬಹುದಂತೆ. ಗಂಡಹೆಂಡಿರಿಬ್ಬರೂ ಮನೆಯಲ್ಲೇ ಕೂತು ಸಾಫ್ಟ್‌ವೇರ್ ಕೆಲಸ ಮಾಡುವಾಗ ಆ ಪದ ಬಾಯಿಗೆ ಬಾರದ ಗಳಿಗೆ ಯಾವುದು?

ಕೂಗುವ ಹೆಸರು ಕೊಂಚ ಉದ್ದವಾಗಿ, ಬೇರೆ ಮಾತಿನೊಳಗೆ ಸುಮ್ಮಸುಮ್ಮನೆ ನುಸುಳದಂತೆ ಇರಬೇಕು. ಏಕೆಂದರೆ ಯಂತ್ರ ಸದಾ ಕಿವಿ ತೆರೆದು ಕಾಯುವುದು ಆ ಒಂದು ಹೆಸರಿಗಾಗಿ. ಅದು ಕಿವಿಗೆ ಬಿದ್ದ ಮೇಲೆ ಮಾತ್ರ ಉಳಿದ ಮಾತು ದೂರದ ಕಂಪ್ಯೂಟರುಗಳಿಗೆ ಹೋಗುತ್ತದೆ. ಹೇಳಿದವರು ಯಾರು, ಎಲ್ಲಿಂದ ಎಂಬುದನ್ನು ಅದು ವಿಚಾರಿಸುವುದಿಲ್ಲ. ಟೆಕ್ಸಾಸ್‌ನ ಮಗುವೊಂದು ಹೀಗೆ ಮಾತಿನಲ್ಲೇ ಬೊಂಬೆಮನೆ ತರಿಸಿಕೊಂಡ ಸುದ್ದಿಯನ್ನು 2017ರ ಜನವರಿಯಲ್ಲಿ ಸ್ಯಾನ್ ಡಿಯಾಗೋದ ಟಿವಿಯವರು ಹೇಳಿದಾಗ, ಅದನ್ನು ನೋಡುತ್ತಿದ್ದವರ ಮನೆಯ ಯಂತ್ರಗಳೂ ಬೊಂಬೆಮನೆ ಕೊಳ್ಳಲು ಹೊರಟಿದ್ದವು. ನಮ್ಮ ಮನೆಯ ‘ರೀ’ ಒಂದೇ ಅಕ್ಷರ. ಮೂರಂತಸ್ತು ದಾಟಿ, ವೈಫೈ ಇಲ್ಲದೆಯೂ, ತಪ್ಪದೆ ನನ್ನೊಬ್ಬನಿಗೇ ಬಂದು ನಾಟುತ್ತದೆ.

ಉಳಿದೆರಡರಲ್ಲಿ ಒಂದನ್ನು ಕೊನೆಗೂ ತಂದೆವು. ಯಾವುದೆಂದು ಹೇಳುವುದಿಲ್ಲ, ಮುಂದೆ ನಡೆದದ್ದರಲ್ಲಿ ಅದರ ತಪ್ಪೇನೂ ಇಲ್ಲ. ಮನೆಯಲ್ಲಿ ಅದಕ್ಕೆ ಡಬ್ಬಿ ಎಂದೇ ಹೆಸರು.

ಮೊದಲ ತೊಡಕು ಗೋಡೆಯಲ್ಲಿತ್ತು. ಮಾತು ಕೇಳುವ ಬಲ್ಬಿಗೆ ಸ್ವಿಚ್ಚು ಯಾವಾಗಲೂ ಆನ್ ಆಗಿಯೇ ಇರಬೇಕು. ಕರೆಂಟಿಲ್ಲದಿದ್ದರೆ ಅದಕ್ಕೆ ಕಿವಿಯೂ ಇಲ್ಲ. ಅಮ್ಮನೋ, ಮಲಗುವ ಮುನ್ನ ಮನೆಯ ಸ್ವಿಚ್ಚುಗಳನ್ನೆಲ್ಲ ಸವರಿ ಬರುವವಳು. ಮೇಲಾಗಿ ನಮ್ಮಲ್ಲಿ ಸ್ವಿಚ್ಚನ್ನು ಕೆಳಕ್ಕೆ ಒತ್ತಿದರೆ ದೀಪ ಹತ್ತುತ್ತದೆ, ಅಮೆರಿಕದಲ್ಲಿ ಮೇಲಕ್ಕೆತ್ತಿದರೆ. ಆರಂಭದಲ್ಲಿ ಅವಳು ಕತ್ತಲೆ ಕೋಣೆಗೆ ಹೋಗಿ ದೀಪ ಹಾಕಲೆಂದು ಕೈಯಿಟ್ಟರೂ ಬಲ್ಬಿನ ಪ್ರಾಣ ಹೋಗುತ್ತಿತ್ತು. ಸಿರಿ ‘ಮುಟ್ಟಬಾರದು’ ಎಂದು ಚೀಟಿ ಅಂಟಿಸಿದಳು. ಆಯುಧಪೂಜೆಯ ದಿನ ಅಮ್ಮ ಚೀಟಿಯನ್ನು ಮುಟ್ಟಲಿಲ್ಲ, ಡಬ್ಬಿಯ ನೆತ್ತಿಗೆ ಅರಿಸಿನ ಕುಂಕುಮ ಹಚ್ಚಿದಳು. ಮೈಕಿನ ತೂತುಗಳು ಅಲ್ಲೇ ಇದ್ದದ್ದರಿಂದ ಒಂದು ವಾರ ಅದಕ್ಕೆ ಕಿವಿ ಮಂದವಾಗಿತ್ತು. ನೆಂಟರ ವಿಚಾರ ಮಾತಾಡುವಾಗ ಅದರ ಮೇಲೆ ಕುಕ್ಕರನ್ನು ಬೋರಲು ಹಾಕುವುದೂ ಇತ್ತು.

ಆದರೆ ನಿಜವಾದ ಕಷ್ಟ ಬೇರೆ. ಡಬ್ಬಿಗೆ ಕನ್ನಡ ಬಾರದು ಎಂಬುದು ಅದರಲ್ಲಿ ಸಣ್ಣ ಪಾಲು. ಅದು ನೇರ ಮಾತಿನ ಜನಕ್ಕಾಗಿ ಮಾಡಿದ ಯಂತ್ರ. ಯಾವ ದೀಪ, ಏನು ಮಾಡಬೇಕು, ಅಷ್ಟೇ. ನಮ್ಮ ಮನೆಗಳಲ್ಲಿ ಹಾಗೆ ಯಾರು ಹೇಳುತ್ತಾರೆ? “ಯಾಕೋ ಕಾಲು ಮರಗಟ್ಟಿದ ಹಾಗಿದೆ” ಎಂದರೆ ಹೀಟರು 68ರಿಂದ 72ಕ್ಕೆ ಏರಬೇಕು. “ಆ ಟಿವಿಯವನಿಗೆ ಗಂಟಲು ನೋಯಲ್ವೇನೋ” ಎಂದರೆ ಸದ್ದು ತಗ್ಗಬೇಕು. ಕೆಲಸ ಹೇಳಿಸಿಕೊಳ್ಳುವವನು ಅರ್ಥ ಮಾಡಿಕೊಂಡು ಏಳುವುದೇ ನಮ್ಮಲ್ಲಿ ಮನೆಯೊಳಗಿನ ಸಂಪರ್ಕ ವ್ಯವಸ್ಥೆ.

ದುಭಾಷಿಯ ಕೆಲಸ ಸಿರಿಗೆ ಬಂತು. ಅಜ್ಜಿ ಕನ್ನಡದಲ್ಲಿ ಹೇಳುವುದು, ಇವಳು ಅಮೆರಿಕದ ಇಂಗ್ಲಿಷಿನಲ್ಲಿ ಡಬ್ಬಿಗೆ ಒಪ್ಪಿಸುವುದು. ಒಂದು ಸಂಜೆ ಅಮ್ಮ ಅಕ್ಕಿ ಡಬ್ಬದ ಮುಚ್ಚಳ ತೆರೆದು, “ಅಕ್ಕಿ ಸಮೃದ್ಧಿಯಾಗಿದೆ, ಪುಟ್ಟೀ, ಅಪ್ಪನಿಗೆ ಹೇಳು” ಅಂದಳು. ಸಿರಿ ಅಂಗಡಿಪಟ್ಟಿಯಿಂದ ಅಕ್ಕಿಯನ್ನು ತೆಗೆಸಿದಳು. ಶನಿವಾರ ನಾನು ಪಟ್ಟಿಯ ಪ್ರಕಾರ ಎಲ್ಲ ತಂದೆ; ಭಾನುವಾರ ಮೂರೂ ಹೊತ್ತು ಉಪ್ಪಿಟ್ಟು. ಮನೆಯಲ್ಲಿ ಯಾವುದನ್ನೂ ಇಲ್ಲ ಎನ್ನಬಾರದು, ಅದಕ್ಕೇ ಖಾಲಿಯಾದಾಗ ಸಮೃದ್ಧಿ ಎನ್ನುತ್ತಾರೆ ಎಂದು ವಿವರಿಸಿದರೆ, ಸಿರಿ ನನ್ನನ್ನೇ ಅನುಮಾನದಿಂದ ನೋಡಿದಳು.

ರಾತ್ರಿಯದು ಇನ್ನೂ ಸೊಗಸು. ದೀಪವನ್ನು ಆರಿಸು ಎನ್ನುವುದು ಅಮ್ಮನ ಬಾಯಲ್ಲಿ ಬಾರದ ಮಾತು. “ದೀಪ ದೊಡ್ಡದು ಮಾಡು, ಮಲಗೋಣ” ಅಂದಳು. ಸಿರಿ ನಿಷ್ಠೆಯಿಂದ ಅನುವಾದಿಸಿದಳು. ಮಲಗುವ ಹೊತ್ತಿಗೆ ಮೂರಂತಸ್ತಿನ ಬಲ್ಬುಗಳೂ ನೂರಕ್ಕೆ ನೂರು ಉರಿದು, ಮನೆ ದಸರೆಯ ಅರಮನೆಯಾಯಿತು. ಎದುರು ಮನೆಯವರು ಪರದೆ ಸರಿಸಿ ನೋಡಿದರು.

ನಾವು ದೊಡ್ಡವರು ನಕ್ಕು ಸುಮ್ಮನಾದೆವು; ಸಿರಿ ಸುಮ್ಮನಾಗಲಿಲ್ಲ. ಇಂಥ ಮಾತು ಕೇಳಿದರೆ ಇಂಥದ್ದು ಮಾಡು ಎಂದು ಡಬ್ಬಿಗೆ ಮೊದಲೇ ಕಲಿಸಿಡಬಹುದು. ಅಜ್ಜಿಯಿಂದ ಹತ್ತು ಸಲ ಹೇಳಿಸಿ, ಡಬ್ಬಿ ಅದನ್ನು ಏನೆಂದು ಕೇಳಿಸಿಕೊಂಡಿದೆ ಎಂದು ಫೋನಿನಲ್ಲಿ ತೆಗೆದು ನೋಡಿದಳು. ‘ಡೀಪರ್ ಡಾಟರ್ ಡು ಮದರ್’ ಎಂದು ಬಂದಿತ್ತು. ಸರಿ, ಅದನ್ನೇ ಬರೆದು, ಎಲ್ಲ ದೀಪ ಆಫ್ ಎಂದು ಗಂಟುಹಾಕಿದಳು. ಅಮ್ಮನೂ ಅಷ್ಟರಲ್ಲಿ ಡಬ್ಬಿಯ ನಿಜನಾಮವನ್ನು ವಿಷ್ಣುಸಹಸ್ರನಾಮದಷ್ಟೇ ಶುದ್ಧವಾಗಿ ಉಚ್ಚರಿಸಲು ಕಲಿತಿದ್ದಳು. ಅಂದಿನಿಂದ ಅವಳು ಹೇಳಿದೊಡನೆ ಮನೆ ಕತ್ತಲಾಗುತ್ತಿತ್ತು. ನಾನು ಹೇಳಿದರೆ ಕ್ಷಮೆ ಕೇಳುತ್ತಿತ್ತು. ನನ್ನ ಕನ್ನಡಕ್ಕೆ ಅಮೆರಿಕದ ತುಕ್ಕು ಹಿಡಿದಿದೆ ಎಂದು ನನ್ನವಳ ತೀರ್ಪು.

ಜನವರಿ ಕೊನೆಗೆ ಅಮ್ಮ ಮೈಸೂರಿಗೆ ಹೊರಟಳು. “ಹೋಗಿ ಬರ್ತೀನಮ್ಮಾ” ಎಂದು ಡಬ್ಬಿಗೂ ಹೇಳಿದಳು. ಬೇಸ್‌ಮೆಂಟಿನ ಮೆಟ್ಟಿಲು ಮತ್ತೆ ನನ್ನ ಪಾಲಿಗೆ ಬಂತು.

ಮೊನ್ನೆ ಫೆಬ್ರವರಿಯ ಒಂದು ರಾತ್ರಿ ಒಂಬತ್ತೂವರೆಗೆ ಎಲ್ಲರೂ ಊಟದ ಮೇಜಿನ ಸುತ್ತ ಕೂತು ವಿಡಿಯೋ ಕರೆ ಮಾಡಿದೆವು. ಅಲ್ಲಿ ಬೆಳಿಗ್ಗೆ ಎಂಟು ಗಂಟೆ. ಅಮ್ಮ ಕಾಫಿ ಹಿಡಿದು ಬಾಲ್ಕನಿಯಲ್ಲಿದ್ದಳು. ಹಿಮ ಎಷ್ಟು ಬಿತ್ತು, ಹುಳಿಪುಡಿ ಇದೆಯಾ ಅಥವಾ ಸಮೃದ್ಧಿಯಾಗಿದೆಯಾ, ಸಿರಿ ತಲೆಗೆ ಎಣ್ಣೆ ಹಚ್ಚಿಕೊಳ್ಳುತ್ತಾಳಾ, ಎಲ್ಲ ವಿಚಾರಿಸಿದಳು. “ಸರಿ, ನಿಮಗೆ ಹೊತ್ತಾಯ್ತು, ಮಲಗಿ” ಎಂದವಳು ಫೋನನ್ನು ಮುಖದ ಹತ್ತಿರ ತಂದುಕೊಂಡು, ಡಬ್ಬಿಯ ಹೆಸರು ಹಿಡಿದು ಕರೆದು, “ದೀಪ ದೊಡ್ಡದು ಮಾಡು” ಅಂದಳು.

ಮೇಲಿನದು, ಕೆಳಗಿನದು, ಬೇಸ್‌ಮೆಂಟಿನದು, ಎಲ್ಲ ದೀಪವೂ ಒಟ್ಟಿಗೆ ಹೋಯಿತು. ಫೋನಿನ ಬೆಳಕಿನಲ್ಲಿ ಕಾಫಿ ಲೋಟವೊಂದೇ ಹೊಳೆಯುತ್ತಿತ್ತು.

“ಏನೋ, ಮುಖಾನೇ ಕಾಣ್ತಿಲ್ವಲ್ಲೋ! ನಿಮ್ಮ ಅಮೆರಿಕದಲ್ಲೂ ಕರೆಂಟು ತೆಗೀತಾರಾ?”