ಮೊಸಳೆಯನ್ನು ಮಂಚದ ಕೆಳಗೆ ಇಡು

1913ರಲ್ಲಿ ಕೇಂಬ್ರಿಜ್‌ನವರು ಇಂಗ್ಲಿಷ್ ಮನೆಮಾತಲ್ಲದವರಿಗೆಂದು ಮೊದಲ ಪರೀಕ್ಷೆ ನಡೆಸಿದರು. ಅನುವಾದ, ಪ್ರಬಂಧ, ವ್ಯಾಕರಣ, ಧ್ವನಿಶಾಸ್ತ್ರ, ಉಕ್ತಲೇಖನ, ಕೊನೆಗೆ ಮಾತುಕತೆ ಎಲ್ಲ ಸೇರಿ 12 ಗಂಟೆ. ಕೂತವರು 3 ಜನ. ಮೂವರೂ ಫೇಲು. ಎಂಥ ಖಡಕ್ ಗಣಿತದ ಮೇಷ್ಟ್ರಿಗೂ ಹೊಟ್ಟೆಕಿಚ್ಚಾಗುವಂಥ ಫಲಿತಾಂಶ.

ವಯಸ್ಸಾದಂತೆ ಕೇಂಬ್ರಿಜ್‌ನವರ ಮನಸ್ಸು ಮೆತ್ತಗಾಯಿತೆಂದು ಕಾಣುತ್ತದೆ. 1997ರಲ್ಲಿ ಅವರೇ ಮಕ್ಕಳಿಗೆಂದು ಸ್ಟಾರ್ಟರ್ಸ್, ಮೂವರ್ಸ್, ಫ್ಲೈಯರ್ಸ್ ಎಂಬ ಮೂರು ಮೆಟ್ಟಿಲ ಪರೀಕ್ಷೆ ತಂದರು. ಮೊದಲ ಮೆಟ್ಟಿಲಾದ ಸ್ಟಾರ್ಟರ್ಸ್‌ನಲ್ಲಿ ಮಾತಿನ ಪರೀಕ್ಷೆ ಮುಗಿಯುವುದಕ್ಕೆ 3ರಿಂದ 5 ನಿಮಿಷ ಸಾಕು. ಅದರಲ್ಲಿ ಪಾಸೂ ಇಲ್ಲ, ಫೇಲೂ ಇಲ್ಲ. ಬೆಂಗಳೂರಿನ ಕೆಲವು ಶಾಲೆಗಳಲ್ಲೂ ಮಕ್ಕಳು ಇದಕ್ಕೆ ಕೂರುತ್ತಾರೆ. ಫೇಲೇ ಇಲ್ಲದ ಪರೀಕ್ಷೆಗೆ ಮನೆಯಲ್ಲಿ ಯಾರೂ ತಲೆ ಕೆಡಿಸಿಕೊಳ್ಳಬೇಕಾಗಿಲ್ಲ ಎಂದುಕೊಳ್ಳುವವರು ನಿವೃತ್ತ ಹೆಡ್‌ಮೇಷ್ಟ್ರೊಬ್ಬರು ಇರುವ ಮನೆಯನ್ನು ನೋಡಿಲ್ಲ.

ತುಮಕೂರು ಕಡೆಯ ಆ ಮೇಷ್ಟ್ರು ಈಗ ಮಗನ ಜೊತೆ ಬೆಂಗಳೂರಿನ ಅಪಾರ್ಟ್‌ಮೆಂಟಿನಲ್ಲಿದ್ದಾರೆ. ಅವರು ಎಬಿಸಿಡಿಯ ಮುಖ ನೋಡಿದ್ದೇ ಐದನೆಯ ತರಗತಿಯಲ್ಲಿ. ತಾವು ಪಾಠ ಹೇಳಿದ್ದೂ ಐದನೆಯ ತರಗತಿಯವರಿಗೇ. 2007ರಲ್ಲಿ ಸರ್ಕಾರಿ ಶಾಲೆಗಳಿಗೆ ಒಂದನೆಯ ತರಗತಿಯಿಂದಲೇ ಇಂಗ್ಲಿಷ್ ಬಂದಾಗ ‘ಹಾಲು ಹಲ್ಲಿಗೆ ಯಾಕ್ರೀ ಗ್ರಾಮರು’ ಎಂದು ಗೊಣಗಿದ್ದರಂತೆ. ಏಳು ವರ್ಷದ ಮೊಮ್ಮಗಳು ಸ್ಟಾರ್ಟರ್ಸ್‌ಗೆ ಕೂರುತ್ತಾಳೆಂದು ತಿಳಿದದ್ದೇ ತಡ, ಆ ಗೊಣಗಾಟವನ್ನು ಮರೆತು ಗ್ರಾಮರು ಪುಸ್ತಕ ಹುಡುಕಲು ಅಟ್ಟ ಹತ್ತಿದರು.

ಮೊದಲ ವಾರ ಬಾಯಿಪಾಠ. ಮೈ ನೇಮ್ ಈಸ್, ಮೈ ಫಾದರ್ಸ್ ನೇಮ್ ಈಸ್, ಮೈ ಮದರ್ಸ್ ನೇಮ್ ಈಸ್, ಐ ಆಮ್ ಸ್ಟಡಿಯಿಂಗ್ ಇನ್ ಸೆಕೆಂಡ್ ಸ್ಟ್ಯಾಂಡರ್ಡ್, ಮೈ ಆಂಬಿಷನ್ ಈಸ್ ಟು ಬಿಕಮ್ ಎ ಡಾಕ್ಟರ್. ಮೊಮ್ಮಗಳಿಗೆ ಆಗಬೇಕೆಂದಿದ್ದದ್ದು ಐಸ್‌ಕ್ರೀಮ್ ಅಂಗಡಿಯ ಓನರ್. ಅದು ಇಂಗ್ಲಿಷಿನಲ್ಲಿ ಶೋಭಿಸುವುದಿಲ್ಲವೆಂದು ತಾತ ಡಾಕ್ಟರೇ ಇರಲಿ ಎಂದರು. ಈ ಸರಮಾಲೆ ನಮ್ಮ ನಾಡಿನ ಮನೆಮನೆಯಲ್ಲೂ ಇದೆ. ನೆಂಟರು ಬಂದರೆ, ಕಾಫಿ ಬರುವುದಕ್ಕೆ ಮುಂಚೆ, ‘ಅಂಕಲ್‌ಗೆ ಇಂಗ್ಲಿಷಲ್ಲಿ ಹೇಳು ಪುಟ್ಟಿ’ ಎಂದು ಮಗುವನ್ನು ನಡುಮನೆಗೆ ತಂದು ನಿಲ್ಲಿಸುತ್ತಾರೆ. ಮಗು ಗೋಡೆ ನೋಡಿಕೊಂಡು ಒಂದೇ ಉಸಿರಿನಲ್ಲಿ ಒಪ್ಪಿಸುತ್ತದೆ. ನೆಂಟರು ‘ವೆರಿ ಗುಡ್’ ಎಂದು ಬಿಸ್ಕತ್ತಿಗೆ ಕೈಹಾಕುತ್ತಾರೆ.

ಈ ಸರಮಾಲೆಯ ದೋಷವೆಂದರೆ ಮಧ್ಯದ ಮಣಿ ಕಿತ್ತರೆ ಇಡೀ ಮಾಲೆ ಚೆಲ್ಲುತ್ತದೆ. ಅಪ್ಪ ಒಂದು ಸಂಜೆ ಸುಮ್ಮನೆ ಪರೀಕ್ಷಿಸಲೆಂದು ಮೊದಲಿಗೇ ‘ಹೌ ಓಲ್ಡ್ ಆರ್ ಯು?’ ಎಂದು ಕೇಳಿದ. ‘ಐ ಆಮ್ ಫೈನ್, ಥ್ಯಾಂಕ್ ಯು’ ಎಂದು ಉತ್ತರ ಬಂತು. ತಾತನಿಗೆ ಸಿಟ್ಟು ಬಂತು, ಮೊಮ್ಮಗಳ ಮೇಲಲ್ಲ, ವರಸೆ ತಪ್ಪಿಸಿ ಕೇಳಿದ ಮಗನ ಮೇಲೆ.

ಕೊನೆಗೆ ಸೊಸೆ ಕಂಪ್ಯೂಟರಿನಲ್ಲಿ ಮಾದರಿ ಪರೀಕ್ಷೆಯ ವಿಡಿಯೊ ಹಾಕಿ, ‘ಮಾವ, ಒಂದ್ಸಲ ಇದನ್ನ ನೋಡಿಬಿಡಿ’ ಎಂದಳು. ಮೇಷ್ಟ್ರು ಕನ್ನಡಕ ಒರೆಸಿಕೊಂಡು ಕೂತರು. ಪರೀಕ್ಷಕಿ ಕಾರಿನ ಚಿತ್ರ ತೋರಿಸಿ ಬಣ್ಣ ಯಾವುದೆಂದು ಕೇಳಿದಳು. ಮಗು ‘ರೆಡ್’ ಎಂದಿತು. ಪರೀಕ್ಷಕಿ ನಕ್ಕು ‘ಗುಡ್’ ಎಂದು ಮುಂದಕ್ಕೆ ಹೋದಳು.

‘ಪೂರ್ಣ ವಾಕ್ಯ ಎಲ್ಲಿ? ದ ಕಲರ್ ಆಫ್ ದ ಕಾರ್ ಈಸ್ ರೆಡ್ ಅನ್ನಬೇಕಲ್ಲವಾ? ಅರ್ಧ ಮಾರ್ಕು ಕಟ್!’

ಯಾರೂ ಕಟ್ ಮಾಡಲಿಲ್ಲ. ಈ ಹಂತದಲ್ಲಿ ಹೆಚ್ಚಿನ ಪ್ರಶ್ನೆಗಳಿಗೆ ಒಂದು ಪದದ ಉತ್ತರ ಸಾಕು. ಕೆಂಪು ಕಾರು ಕಂಡ ಯಾವ ಮಗುವೂ, ಯಾವ ಊರಿನಲ್ಲೂ, ಯಾವ ಭಾಷೆಯಲ್ಲೂ ‘ಈ ಕಾರಿನ ಬಣ್ಣವು ಕೆಂಪಾಗಿರುತ್ತದೆ’ ಎನ್ನುವುದಿಲ್ಲ ಎಂಬ ಸಾಮಾನ್ಯ ಸಂಗತಿಯನ್ನು ಪರೀಕ್ಷೆ ಕಟ್ಟಿದವರು ಒಪ್ಪಿಕೊಂಡಿದ್ದಾರೆ. ಮೇಷ್ಟ್ರುಗಳು ಒಪ್ಪಿಕೊಳ್ಳುವುದು ಕಷ್ಟ.

ಪರೀಕ್ಷೆಯ ವೈಖರಿಯೂ ಅವರಿಗೆ ಹೊಸದು. ಮಗುವಿನ ಭಾಷೆ ಬಲ್ಲವರೊಬ್ಬರು ಅದನ್ನು ಸಮಾಧಾನವಾಗಿ ಒಳಗೆ ಕರೆದುಕೊಂಡು ಹೋಗಿ, ಪರೀಕ್ಷಕಿಗೆ ಪರಿಚಯಿಸುತ್ತಾರೆ. ಒಂದು ದೊಡ್ಡ ಚಿತ್ರ ಬರುತ್ತದೆ, ಒಂದು ಮನೆಯದೋ ಪಾರ್ಕಿನದೋ. ಕೇಳಿದ್ದನ್ನು ಬೆರಳಿಟ್ಟು ತೋರಿಸಬೇಕು. ಆಮೇಲೆ ಪುಟ್ಟ ಪುಟ್ಟ ಚಿತ್ರದ ಕಾರ್ಡುಗಳಲ್ಲಿ ಹೇಳಿದ್ದನ್ನು ಎತ್ತಿ ಹೇಳಿದ ಜಾಗದಲ್ಲಿ ಇಡಬೇಕು. ಅಲ್ಲಿಯವರೆಗೆ ಮಗು ಬಾಯಿ ಬಿಡದಿದ್ದರೂ ನಡೆಯುತ್ತದೆ. ನಂತರ ಚಿತ್ರದ ಬಗ್ಗೆ ಒಂದಿಷ್ಟು ಪ್ರಶ್ನೆ, ಕಾರ್ಡುಗಳ ಬಗ್ಗೆ ಒಂದಿಷ್ಟು ಪ್ರಶ್ನೆ, ಕೊನೆಗೆ ಅದರ ಸ್ನೇಹಿತರು, ಶಾಲೆ, ಮನೆ ಹೀಗೆ ಏನಾದರೂ. ಉತ್ತರ ತೋಚದೆ ಮಗು ಸುಮ್ಮನಾದರೆ ಪರೀಕ್ಷಕಿಯ ಬಳಿ ಅದಕ್ಕಿಂತ ಸುಲಭದ ಇನ್ನೊಂದು ಪ್ರಶ್ನೆ ಸಿದ್ಧವಿರುತ್ತದೆ. ಬೆಕ್ಕನ್ನು ತೋರಿಸಿ ‘ಇದೇನು?’ ಎಂದಾಗ ಮೌನವಾದರೆ, ‘ಇದು ಬೆಕ್ಕಾ?’ ಎಂದೇ ಕೇಳಿಬಿಡುತ್ತಾಳೆ. ಮೂವತ್ತು ವರ್ಷ ಪರೀಕ್ಷಾ ಕೊಠಡಿಯಲ್ಲಿ ಕಾಪಿ ಚೀಟಿ ಹಿಡಿದ ಮೇಷ್ಟ್ರಿಗೆ, ಪರೀಕ್ಷಕಿಯೇ ಉತ್ತರ ಹೇಳಿಕೊಡುವ ಪರೀಕ್ಷೆ ಕಂಡು ಎರಡು ದಿನ ಮಾತು ಹೊರಡಲಿಲ್ಲ.

ಮೂರನೆಯ ದಿನ ಹಳೆಯ ಲಗ್ನಪತ್ರಿಕೆಗಳ ಕಟ್ಟು ಬಿಚ್ಚಿದರು. ಹಿಂಬದಿ ಖಾಲಿ, ಕಾಗದ ಗಟ್ಟಿ, ಕಾರ್ಡಿಗೆ ಹೇಳಿ ಮಾಡಿಸಿದಂತಿತ್ತು. ಸ್ಟಾರ್ಟರ್ಸ್‌ನ ಪದಪಟ್ಟಿ ತರಿಸಿಕೊಂಡು ನೋಡಿದರೆ ಅದರಲ್ಲಿ ಮಾವಿನಹಣ್ಣಿದೆ, ತೆಂಗಿನಕಾಯಿ ಇದೆ, ಅನ್ನ ಇದೆ, ಹಸು, ಮೇಕೆ, ಹಲ್ಲಿ ಎಲ್ಲ ಇವೆ. ‘ನಮ್ಮೂರೇ ಇದೆಯಲ್ಲೇ ಇದರಲ್ಲಿ!’ ಎಂದು ಹೆಂಡತಿಗೆ ಕೂಗಿ ಹೇಳಿದರು. ಮುಂದಕ್ಕೆ ಹೋದರೆ ಮೊಸಳೆ, ನೀರಾನೆ, ರೋಬೋಟು, ಮಾನ್‌ಸ್ಟರು. ಅವನ್ನೂ ಬರೆದರು. ಚಿತ್ರಕಲೆ ಅವರಿಗೆ ಒಲಿದದ್ದಲ್ಲ. ಮೊಸಳೆಗೂ ಹಲ್ಲಿಗೂ ವ್ಯತ್ಯಾಸ ತಿಳಿಯದೆ, ಕೊನೆಗೆ ಯಾರದೋ ಶುಭವಿವಾಹದ ಹಿಂದಿದ್ದದ್ದು ಮೊಸಳೆ, ಗೃಹಪ್ರವೇಶದ ಹಿಂದಿದ್ದದ್ದು ಹಲ್ಲಿ ಎಂದು ತಾತ ಮೊಮ್ಮಗಳು ಒಪ್ಪಂದಕ್ಕೆ ಬಂದರು.

ಆಟ ಶುರುವಾಯಿತು. ‘ಪುಟ್ ದ ಕ್ರಾಕೊಡೈಲ್ ಅಂಡರ್ ದ ಬೆಡ್.’ ಇಲ್ಲಿ ಕನ್ನಡದ ಮಗುವಿಗೆ ಒಂದು ತೊಡಕಿದೆ. ನಮ್ಮಲ್ಲಿ ಮಂಚ ಮೊದಲು, ಕೆಳಗೆ ಆಮೇಲೆ. ಮಂಚ ಎಲ್ಲಿದೆ ನೋಡಿಕೊಂಡು ನಿಧಾನವಾಗಿ ಬಗ್ಗಬಹುದು. ಇಂಗ್ಲಿಷಿನಲ್ಲಿ ಯಾವುದರ ಕೆಳಗೆ ಎಂದು ತಿಳಿಯುವ ಮೊದಲೇ ಬಗ್ಗಿರಬೇಕು. ಮೊದಮೊದಲು ಅಂಡರ್ ಎಂದದ್ದು ಹಾರಿಹೋಗಿ ಬೆಡ್ ಎಂಬುದೊಂದೇ ಕಿವಿಗೆ ಬಿದ್ದು, ಮೊಸಳೆ ಹಾಸಿಗೆಯ ಮೇಲೆ ಅಜ್ಜಿಯ ದಿಂಬಿಗೆ ಒರಗಿ ಕೂರುತ್ತಿತ್ತು. ಕಾರ್ಡು ಬಿಟ್ಟು ನಿಜವಾದ ಸಾಮಾನಿಗೆ ಇಳಿದ ಮೇಲೆ ಅಭ್ಯಾಸಕ್ಕೆ ಕಳೆ ಬಂತು. ಸೌಟು ತಟ್ಟೆಯ ಕೆಳಗೆ, ಈರುಳ್ಳಿ ಟಿವಿಯ ಹಿಂದೆ, ತಾತನ ಕನ್ನಡಕ ಎರಡು ತೆಂಗಿನಕಾಯಿಗಳ ನಡುವೆ. ಬಿಟ್ವೀನ್ ಎಂಬುದು ಅವತ್ತು ಇಡೀ ಮನೆಗೆ ಬಂದಷ್ಟು ಚೆನ್ನಾಗಿ ಯಾವ ವ್ಯಾಕರಣದಿಂದಲೂ ಬಂದಿರಲಿಕ್ಕಿಲ್ಲ. ಅಜ್ಜಿಗೆ ಮಾತ್ರ ಸಾರಿಗೆ ಒಗ್ಗರಣೆ ಹಾಕುವ ಹೊತ್ತಿಗೆ ಇಂಗಿನ ಡಬ್ಬಿ ಸಿಗದೆ, ‘ನಿಮ್ಮ ಕೇಂಬ್ರಿಜ್ಜಿಗಿಷ್ಟು ಬೆಂಕಿ ಹಾಕ’ ಎಂದು ಶಪಿಸುವ ಹಾಗಾಯಿತು. ಡಬ್ಬಿ ಬಿಹೈಂಡ್ ದ ಫ್ರಿಜ್ ಇತ್ತು.

ಉಚ್ಚಾರಣೆಯ ವಿಷಯಕ್ಕೆ ಮೇಷ್ಟ್ರಿಗೆ ಬೇರೆಯೇ ಭಯ. ಲಂಡನ್ನಿನವರ ಹಾಗೆ ಮೂಗಿನಲ್ಲೋ ಗಂಟಲಲ್ಲೋ ಏನೋ ಮಾಡಬೇಕೆಂದು ಅವರ ನಂಬಿಕೆ. ನಿಜದಲ್ಲಿ ಪರೀಕ್ಷಕಿ ನೋಡುವುದು ಮಗುವಿಗೆ ಬೇಕಾದಷ್ಟು ಪದ ಗೊತ್ತಿದೆಯೇ, ಹೇಳಿದ್ದು ಕೇಳುವವರಿಗೆ ತಿಳಿಯುತ್ತದೆಯೇ, ಮಾತಿಗೆ ಮಾತು ಕೊಡುತ್ತದೆಯೇ ಎಂದು. ಬಸ್ಸು, ಪೆನ್ನು, ಎಗ್ಗು ಎಂದು ಕೊನೆಗೊಂದು ಉಕಾರ ಇಟ್ಟು ಮಾತಾಡುವ ನಮ್ಮ ಅಭ್ಯಾಸವನ್ನು ಸ್ವಲ್ಪ ಸಡಿಲಿಸಿದರೆ ಸಾಕು. ಅದಕ್ಕಿಂತ ದೊಡ್ಡ ಸಂಗತಿ, ಅರ್ಥವಾಗದಿದ್ದಾಗ ಮಗು ‘ಸಾರಿ, ಐ ಡೋಂಟ್ ಅಂಡರ್‌ಸ್ಟ್ಯಾಂಡ್’ ಎಂದು ಕೇಳಲು ಹೆದರಬಾರದು. ನಮ್ಮ ತರಗತಿಗಳಲ್ಲಿ ‘ಅರ್ಥ ಆಯ್ತಾ?’ ಎಂದರೆ ‘ಹೂಂ ಸಾರ್’ ಎಂಬುದೊಂದೇ ಉತ್ತರ ಊರ್ಜಿತದಲ್ಲಿರುವುದರಿಂದ ಈ ಒಂದು ವಾಕ್ಯ ಕಲಿಸುವುದಕ್ಕೇ ಹೆಚ್ಚು ದಿನ ಹಿಡಿಯಿತು. ಕಲಿತ ಮೇಲೆ ತೊಂದರೆ. ಹೋಮ್‌ವರ್ಕ್ ಮಾಡು, ಹಾಲು ಕುಡಿ, ಟಿವಿ ಆರಿಸು, ಯಾವುದಕ್ಕೂ ‘ಸಾರಿ, ಐ ಡೋಂಟ್ ಅಂಡರ್‌ಸ್ಟ್ಯಾಂಡ್.’

ಪರೀಕ್ಷೆ ಮುಗಿಸಿ ಹೊರಬಂದ ಹುಡುಗಿಯನ್ನು ಮನೆಯವರೆಲ್ಲ ಮುತ್ತಿಕೊಂಡರು. ಏನು ಕೇಳಿದರು? ಏನು ಹೇಳಿದೆ? ‘ಆ ಆಂಟಿ ಒಳ್ಳೆಯವರು. ಆದರೆ ಅವರಿಗೆ ಬಣ್ಣ ಗೊತ್ತಿಲ್ಲ, ಎಣಿಸೋಕೂ ಬರಲ್ಲ. ಎಲ್ಲಾ ನಾನೇ ಹೇಳಿಕೊಟ್ಟೆ’ ಎಂದಳು. ಮೈ ಆಂಬಿಷನ್ ಕೇಳಲಿಲ್ಲವಾ ಎಂದು ತಾತ ವಿಚಾರಿಸಿದರು. ಕೇಳಿರಲಿಲ್ಲ.

ಫಲಿತಾಂಶ ಅಂಕಗಳಲ್ಲಿ ಬರುವುದಿಲ್ಲ, ಶೀಲ್ಡುಗಳಲ್ಲಿ ಬರುತ್ತದೆ. ಕೇಳುವುದಕ್ಕೆ, ಓದು ಬರಹಕ್ಕೆ, ಮಾತಿಗೆ ತಲಾ 5, ಒಟ್ಟು ಹೆಚ್ಚೆಂದರೆ 15. ಇದು ಗೊತ್ತಾದ ದಿನವೇ ಅಜ್ಜಿ ಷೋಕೇಸಿನ ಮೇಲಿನ ಎರಡು ಖಾನೆ ಖಾಲಿ ಮಾಡಿಸಿ, ಮಗನ ಕೇರಂ ಕಪ್ಪನ್ನು ಮಂಚದಡಿಗೆ ತಳ್ಳಿದ್ದರು. ಬಂದದ್ದು ಒಂದು ಹಾಳೆ. ಶೀಲ್ಡುಗಳು ಅದರ ಮೇಲೆ ಅಚ್ಚಾಗಿದ್ದವು. ಮಾತಿಗೆ 5, ಓದು ಬರಹಕ್ಕೆ 4, ಕೇಳುವುದಕ್ಕೆ 4. ‘ಉಳಿದ ಎರಡು ಯಾರು ಇಟ್ಟುಕೊಂಡರು?’ ಎಂಬ ಅಜ್ಜಿಯ ಪ್ರಶ್ನೆಗೆ ಮನೆಯಲ್ಲಿ ಯಾರೂ ತೃಪ್ತಿಕರ ಉತ್ತರ ಕೊಟ್ಟಿಲ್ಲ. ಪಕ್ಕದ ಮನೆಯಾಕೆ ರ‍್ಯಾಂಕ್ ಎಷ್ಟು ಎಂದು ಕೇಳಿ, ರ‍್ಯಾಂಕ್ ಕೊಡುವುದಿಲ್ಲ ಎಂದು ತಿಳಿದು, ಹಾಗಾದರೆ ಇದೆಂಥ ಪರೀಕ್ಷೆ ಎಂದು ಮಿಕ್ಸಿ ಜಾರು ತೆಗೆದುಕೊಂಡು ಹೊರಟುಹೋದರು.

ಈಗ ಮೂವರ್ಸ್‌ಗೆ ತಯಾರಿ ನಡೆದಿದೆ. ಅದರಲ್ಲಿ ಬಹುಮಟ್ಟಿಗೆ ಒಂದೇ ಥರದ ಎರಡು ಚಿತ್ರ ಕೊಟ್ಟು ನಾಲ್ಕು ವ್ಯತ್ಯಾಸ ಹೇಳಿಸುತ್ತಾರೆ. ಮೊಮ್ಮಗಳು ನಾಲ್ಕು ಹೇಳಿ ಆಡಲು ಓಡಿಹೋಗುತ್ತಾಳೆ. ಮೇಷ್ಟ್ರು ಭೂತಗನ್ನಡಿ ಹಿಡಿದು ಕೂತಿದ್ದಾರೆ. ಆರನೆಯದು ಸಿಕ್ಕಿದೆಯಂತೆ, ಏಳನೆಯದು ಅಚ್ಚಿನ ದೋಷವೋ ಬೇಕೆಂದೇ ಮಾಡಿದ್ದೋ ಎಂದು ಕೇಂಬ್ರಿಜ್‌ಗೆ ಕಾಗದ ಬರೆಯುತ್ತಾರಂತೆ, ಇಂಗ್ಲಿಷಿನಲ್ಲಿ, ಪೂರ್ಣ ವಾಕ್ಯಗಳಲ್ಲಿ.