ಅರ್ಧ ಮಾಸ್ತರ, ಅರ್ಧ ವ್ಯಾಪಾರಿ

ಕಾರ್ಕಳದ ಅನಂತ ಪೈ ಓದಿದ್ದು ಕೆಮಿಕಲ್ ಟೆಕ್ನಾಲಜಿ. ಒಮ್ಮೆ ಅವರು ನೋಡಿದ ಟಿವಿ ಕ್ವಿಜ್‌ನಲ್ಲಿ ಗ್ರೀಕ್ ದೇವರ ಹೆಸರು ಪಟಪಟ ಹೇಳಿದ ಹುಡುಗರಿಗೆ ರಾಮನ ತಾಯಿ ಯಾರೆಂದು ಗೊತ್ತಿರಲಿಲ್ಲ. ಬೇರೆಯವರಾದರೆ ‘ಕಲಿಗಾಲ’ ಎಂದು ಚಹಾ ಕುಡಿದು ಏಳುತ್ತಿದ್ದರು. ಇವರು 1967ರಲ್ಲಿ ಅಮರ ಚಿತ್ರಕಥೆ ಕಾಮಿಕ್ಸ್ ಶುರು ಮಾಡಿದರು. ಕಾಮಿಕ್ಸ್ ಪ್ರಕಾಶಕನೆಂದರೆ ಅರ್ಧ ಮಾಸ್ತರ, ಅರ್ಧ ವ್ಯಾಪಾರಿ, ಉಳಿದದ್ದು ಹಟ. (ಲೆಕ್ಕ ಕೂಡಲಿಲ್ಲವೇ? ಪ್ರಕಾಶನದ ಲೆಕ್ಕ ಎಂದು ಕೂಡಿದೆ!)

ನಮ್ಮ ನೇಸರಗಿಯಲ್ಲಿ ಅಂಥವನು ಹುಟ್ಟಿದರೆ ಕಷ್ಟವಿದೆ. ರಾಣಿ ಚೆನ್ನಮ್ಮನ ಸಮಾಧಿ ಹತ್ತಿರದ ಬೈಲಹೊಂಗಲದಲ್ಲೇ ಇದೆ. ಕಿತ್ತೂರ ಕಥೆ ಇಲ್ಲಿ ಎಲ್ಲರಿಗೂ ಬಾಯಿಪಾಠ. 1824ರಲ್ಲಿ ಬ್ರಿಟಿಷ್ ಕಲೆಕ್ಟರ್ ಥ್ಯಾಕರೆ ಅಮಟೂರ ಬಾಳಪ್ಪನ ಗುಂಡಿಗೆ ಬಲಿಯಾದ ಪುಟ ತೋರಿಸಿದ ಕೂಡಲೇ ಕಟ್ಟೆಯ ಕಾಕಾ ಕೇಳುತ್ತಾರೆ: ‘ತಮ್ಮಾ, ಅಮಟೂರ ಬಾಳಪ್ಪನ ಮೀಸಿ ಇಷ್ಟ ಸಣ್ಣದ ಯಾಕ ತಗದಿ? ತಿದ್ದಿ ತಾ. ಬರೂಮುಂದ ನನಗೊಂದು ಪುಸ್ತಕ ಪುಕ್ಕಟ ತಗೊಂಡ ಬಾ.’