ಸರ್ವವ್ಯಾಪಿ ಸ್ಥಿತಿನಿರ್ವಹಣಾ ಮೀಮಾಂಸೆ: ಪೂರ್ವಭಾಗ

ಆ್ಯಪು ತನ್ನ ನೆನಪಿನಲ್ಲಿ ಇಟ್ಟುಕೊಂಡದ್ದೇ ಸ್ಥಿತಿ ಎಂಬುದು ಲೌಕಿಕರ ಮತ. ಪ್ರಕೃತ ಪ್ರಬಂಧವು ಇದನ್ನು ಖಂಡಿಸುತ್ತದೆ. ಏಕಸತ್ಯಮೂಲಾಧಿಷ್ಠಿತ, ಏಕಮುಖಪ್ರವಾಹಿ, ಅವಿಕಾರಿ ಮೌಲ್ಯಸಂಚಯವೇ ಸ್ಥಿತಿಯೆಂದು ಆರ್ಕಿಟೆಕ್ಟರು ಮೀಟಿಂಗಿನಲ್ಲಿ ಸಾರಿದ್ದಾರೆ. ಅಲ್ಲಿದ್ದವರೆಲ್ಲ ತಲೆಯಾಡಿಸಿದ್ದರಿಂದ ಬೇರೆ ಪ್ರಮಾಣ ಬೇಕಿಲ್ಲ.

ಹುಟ್ಟು, ಇರವು, ಮಾರ್ಪಾಟು, ಬೆಳವಣಿಗೆ, ಕ್ಷಯ, ನಾಶ ಎಂದು ನಿರುಕ್ತದಲ್ಲಿ ಭಾವವಿಕಾರಗಳು ಆರು. ಆಂಡ್ರಾಯ್ಡಿನ ಆ್ಯಕ್ಟಿವಿಟಿಗೂ ಆರೇ: ಆನ್‌ಕ್ರಿಯೇಟ್, ಆನ್‌ಸ್ಟಾರ್ಟ್, ಆನ್‌ರೆಸ್ಯೂಮ್, ಆನ್‌ಪಾಸ್, ಆನ್‌ಸ್ಟಾಪ್, ಆನ್‌ಡೆಸ್ಟ್ರಾಯ್. (ಆನ್‌ರೀಸ್ಟಾರ್ಟ್ ಎಂಬುದೂ ಒಂದಿದೆ, ಲೆಕ್ಕ ತಪ್ಪುತ್ತದೆಂದು ಕೈಬಿಟ್ಟಿದೆ.) ಭೇದ ಇಷ್ಟೇ: ಕೊನೆಯದು ನಡೆದೇ ತೀರುತ್ತದೆಂಬ ಭರವಸೆಯಿಲ್ಲ. ಮೆಮೊರಿ ಸಾಲದಾದರೆ ಸಿಸ್ಟಂ ಇಡೀ ಪ್ರೋಸೆಸ್ಸನ್ನೇ ಹೇಳದೆ ಕೇಳದೆ ಕೊಲ್ಲುತ್ತದೆ. ಅಪ್ಲಿಕೇಶನ್ ಕ್ಲಾಸಿಗಂತೂ ಆನ್‌ಟರ್ಮಿನೇಟ್ ಎಂಬ ಅಂತ್ಯಸಂಸ್ಕಾರ ವಿಹಿತವಾಗಿದೆ. ಮಾರಾಟವಾದ ಯಾವ ಫೋನಿನಲ್ಲೂ ಅದು ನಡೆಯದೆಂದು ಅದರ ವಿವರಣೆಯಲ್ಲೇ ಬರೆದಿದೆ. ಪುನರ್ಜನ್ಮ ಬೇಕೆಂದರೆ ಮಾತ್ರ ಫೋನನ್ನು ಅಡ್ಡ ತಿರುಗಿಸಿದರೆ ಸಾಕು.

ಈ ಚಕ್ರದಿಂದ ಪಾರಾಗಲು 2017ರಲ್ಲಿ ಗೂಗಲ್ ವ್ಯೂಮಾಡೆಲ್ ಎಂಬ ಮೋಕ್ಷಮಾರ್ಗವನ್ನು ಪ್ರಕಟಿಸಿತು. ಪರದೆ ತಿರುಗಿದರೆ ಅದು ಸಾಯದು, ಪ್ರೋಸೆಸ್ ಸತ್ತರೆ ಸಾಯುವುದು, ಆದಕಾರಣ ನಿತ್ಯಾನಿತ್ಯ. ಇನ್ನು ಫ್ಲಟರ್ ಸಂಪ್ರದಾಯದಲ್ಲಿ ಪ್ರೊವೈಡರ್‌ವಾದ, ಬ್ಲಾಕ್‌ವಾದ, ರಿವರ್‌ಪಾಡ್‌ವಾದ, ಗೆಟ್‌ಎಕ್ಸ್‌ವಾದ ಎಂಬ ದರ್ಶನಗಳಿದ್ದು, ಮೊದಲನೆಯದರಲ್ಲಿ ಹಲವು ಉಪಭೇದಗಳು... ಬೇಡ ಬಿಡಿ. ಒಂದು ವಾದದಿಂದ ಇನ್ನೊಂದಕ್ಕೆ ಕೋಡನ್ನು ಸಾಗಿಸುವುದರಲ್ಲೇ ಟೀಮುಗಳ ವರ್ಷಗಳು ಸವೆದಿವೆ.

ಅಷ್ಟರಲ್ಲಿ ರೈತರೊಬ್ಬರು 2 ಜಿಬಿ ರ್‍ಯಾಮಿನ ಫೋನಿನಲ್ಲಿ ಬೆಳೆ ಪರಿಹಾರದ ಅರ್ಜಿ ತುಂಬುತ್ತಿರುತ್ತಾರೆ. ಸರ್ವೇ ನಂಬರು, ಹಿಸ್ಸಾ, ಖಾತೆ ಸಂಖ್ಯೆ, ಐಎಫ್‌ಎಸ್‌ಸಿ ಎಲ್ಲ ಹಾಕಿ, ಓಟಿಪಿ ನೋಡಲು ಮೆಸೇಜಿಗೆ ಹೋಗಿ ಬರುತ್ತಾರೆ. ಅರ್ಜಿ ಖಾಲಿ. ಲಾಗಿನ್ನೂ ಮತ್ತೆ ಮೊದಲಿನಿಂದ. ಇದನ್ನು ತಪ್ಪಿಸಲು ಯಾವ ದರ್ಶನವೂ ಬೇಡ ಸ್ವಾಮಿ! ಬಳಕೆದಾರ ಟೈಪಿಸಿದ್ದನ್ನು ಆಗಿಂದಾಗಲೇ ಫೋನಿನ ಸ್ಟೋರೇಜಿಗೆ ಬರೆದಿಡಿ. ಡೆವಲಪರ್ ಆಪ್ಷನ್ಸ್‌ನಲ್ಲಿ ‘ಡೋಂಟ್ ಕೀಪ್ ಆ್ಯಕ್ಟಿವಿಟೀಸ್’ ಆನ್ ಮಾಡಿ, ನಿಮ್ಮ ಅರ್ಜಿಯನ್ನು ಒಮ್ಮೆ ನೀವೇ ತುಂಬಿ ನೋಡಿ. ನೋಡುವುದಿಲ್ಲ. 12 ಜಿಬಿ ಫೋನಿನಲ್ಲಿ ಡೆಮೊ ಕೊಡುತ್ತೀರಿ, ದೂರು ಬಂದರೆ ‘ನಮ್ಮಲ್ಲಿ ಹೀಗಾಗುತ್ತಿಲ್ಲ’ ಎಂದು ಬರೆದು ಟಿಕೆಟ್ ಮುಚ್ಚುತ್ತೀರಿ. ಆ ರೈತರು ಮಾರನೆಯ ದಿನ ಕೂಲಿ ಬಿಟ್ಟು, ಬಸ್ಸಿನಲ್ಲಿ ತಾಲ್ಲೂಕಿಗೆ ಹೋಗಿ, ಸೈಬರ್ ಸೆಂಟರಿನವನಿಗೆ ದುಡ್ಡು ಕೊಟ್ಟು ಅದೇ ಅರ್ಜಿ ತುಂಬಿಸುತ್ತಾರೆ.